ಶೂ ಹೊರಗೆ, ಹಿಮ್ಮಡಿ ನೋವು ಒಳಗೆ

ಸುಬಹಿಗೆ ಎದ್ದು ಮಂಚದಿಂದ ಕಾಲು ಕೆಳಗಿಟ್ಟರೆ ಹಿಮ್ಮಡಿಗೆ ಮೊಳೆ ಹೊಡೆದ ಹಾಗೆ. ಗೋಡೆ ಹಿಡಿದೇ ವುಝೂ ಮಾಡಲು ಹೋಗಬೇಕು. ಹತ್ತು ಹೆಜ್ಜೆ ನಡೆದ ಮೇಲೆ ಸ್ವಲ್ಪ ಹಗುರ. ಮದ್ರಸದಲ್ಲಿ ಒಂದು ಗಂಟೆ ಕೂತು ಎದ್ದರೆ ಪುನಃ ಅದೇ ಕತೆ. "ಉಸ್ತಾದ್, ಕಾಲಿಗೆ ಎಂತ ಆದದ್ದು?" ಎಂದು ಮಕ್ಕಳು ಕೇಳತೊಡಗಿದಾಗ ಡಾಕ್ಟರರ ಬಳಿ ಹೋದೆ.

ಹಿಮ್ಮಡಿಯ ಎಲುಬಿನಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಒಂದು ಗಟ್ಟಿ ಪಟ್ಟಿ ಇದೆ. ಪ್ಲಾಂಟಾರ್ ಫೇಶಿಯಾ ಎನ್ನುತ್ತಾರೆ. ಪಾದದ ಕಮಾನಿಗೆ ಅದು ಆಧಾರ. ಹೆಚ್ಚು ಹೊತ್ತು ನಿಲ್ಲುವವರಿಗೆ, ತೂಕ ಜಾಸ್ತಿ ಇದ್ದವರಿಗೆ ಅದು ಹಿಮ್ಮಡಿಗೆ ಕೂಡುವಲ್ಲಿ ನೋವು ಶುರುವಾಗುತ್ತದೆ. ಎಕ್ಸ್‌ರೇಯಲ್ಲಿ 'ಎಲುಬು ಬೆಳೆದಿದೆ' ಎಂದು ಕಂಡು ಹೆದರುವವರಿದ್ದಾರೆ. ನೋವೇ ಇಲ್ಲದ ಎಷ್ಟೋ ಜನರಲ್ಲೂ ಅದು ಇರುತ್ತದೆ.

ನನಗೆ ಅಳತೆಯ ಇನ್‌ಸೋಲ್ ಮಾಡಿಸಲು ಹೇಳಿದರು. ಫೋಮ್ ಪೆಟ್ಟಿಗೆಯಲ್ಲಿ ಪಾದ ಒತ್ತಿಸಿ ಅಚ್ಚು ತೆಗೆದರು. ಆ ಅಚ್ಚಿಗೆ ಸರಿಯಾಗಿ ಹಾಳೆಯನ್ನು ಬಿಸಿ ಮಾಡಿ ಕೂರಿಸಿ, ಅಂಚು ಉಜ್ಜಿ ಶೂವಿನೊಳಗೆ ಹಾಕಲು ಕೊಡುತ್ತಾರೆ. ಸಾವಿರಾರು ರೂಪಾಯಿ. ಮೊದಲ ದಿನ ಒಂದು ಗಂಟೆ, ಮತ್ತೆ ನಿಧಾನ ಹೆಚ್ಚಿಸಿ ಎಂದರು.

ತಿಂಗಳಾದರೂ ವ್ಯತ್ಯಾಸ ಇಲ್ಲ. ಒಂದು ರಾತ್ರಿ ಲೆಕ್ಕ ಹಾಕಿದೆ. ಮನೆಯಲ್ಲಿ ಬರಿಗಾಲು, ಮದ್ರಸದಲ್ಲಿ ಬರಿಗಾಲು, ಮಸೀದಿಯಲ್ಲಿ ಬರಿಗಾಲು. ಶೂ ಹಾಕುವುದು ದಿನಕ್ಕೆ ಮುಕ್ಕಾಲು ಗಂಟೆ. ಉಳಿದ ಹೊತ್ತು ನನ್ನ ದುಬಾರಿ ಇನ್‌ಸೋಲ್ ಮೆಟ್ಟಿಲ ಬಳಿ ವಿಶ್ರಾಂತಿಯಲ್ಲಿತ್ತು! ಡಾಕ್ಟರರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಮ್ಮ ಉಮ್ಮಂದಿರ ಪಾಡು ಇನ್ನೂ ಕಷ್ಟ. ರಮಳಾನಿನಲ್ಲಿ ಅಸರ್‌ನಿಂದ ಮಗ್ರಿಬ್‌ವರೆಗೆ ಟೈಲ್ಸ್ ಮೇಲೆ ಬರಿಗಾಲಲ್ಲಿ ನಿಂತು ಪತ್ತಿರ್ ಸುಡುವವರು ಶೂ ಹಾಕುವುದು ಯಾವಾಗ? ಅವರಿಗೆ ಬೇಕಾದದ್ದು ಹಿಮ್ಮಡಿಗೆ ಮೆತ್ತೆ, ಕಮಾನಿಗೆ ಆಧಾರ ಇರುವ ಒಂದು ಜೊತೆ ಚಪ್ಪಲಿ, ಮನೆಯೊಳಗೆ ಮಾತ್ರ. "ಮನೆಯೊಳಗೆ ಚಪ್ಪಲಿಯಾ?" ಎಂದು ನನ್ನ ಉಮ್ಮನೂ ಕೇಳಿದರು. ಹೊರಗೆ, ಟಾಯ್ಲೆಟ್‌ಗೆ ಕೊಂಡೊಯ್ಯದಿದ್ದರೆ ನಜಸ್ ಆಗುವ ಭಯ ಎಲ್ಲಿ ಬಂತು? ನಾನೀಗ ಮಂಚದ ಬುಡದಲ್ಲೇ ಇಟ್ಟಿದ್ದೇನೆ, ಮೊದಲ ಹೆಜ್ಜೆಯೇ ಅದರ ಮೇಲೆ. ಇಳಿಯುವ ಮೊದಲು ಕಾಲ್ಬೆರಳುಗಳನ್ನು ಕೈಯಿಂದ ಹಿಂದಕ್ಕೆ ಎಳೆದು ಹತ್ತು ಎಣಿಸುತ್ತೇನೆ, ಹತ್ತು ಸಲ. ಅತ್ತಹಿಯ್ಯಾತಿನಲ್ಲಿ ಬಲಗಾಲಿನ ಬೆರಳು ಮಡಚಿ ಕೂರುವಾಗಲೂ ಅದೇ ಪಟ್ಟಿ ಎಳೆಯುತ್ತದೆ ಎಂಬುದು ಇಷ್ಟು ವರ್ಷ ಗೊತ್ತಿರಲಿಲ್ಲ ನೋಡಿ. ಮೂರು ತಿಂಗಳಲ್ಲಿ ಗೋಡೆ ಹಿಡಿಯುವುದು ನಿಂತಿತು.

ಅಳತೆಯದ್ದೇ ಬೇಕಾ? ಆಸ್ಟ್ರೇಲಿಯಾದಲ್ಲಿ 135 ಮಂದಿಯ ಮೇಲೆ ನಡೆದ ಪರೀಕ್ಷೆಯೊಂದು 2006ರಲ್ಲಿ ಪ್ರಕಟವಾಗಿದೆ. ಕೆಲವರಿಗೆ ಅಳತೆಯದ್ದು, ಕೆಲವರಿಗೆ ರೆಡಿಮೇಡ್, ಉಳಿದವರಿಗೆ ಹೆಸರಿಗೊಂದು ತೆಳು ಫೋಮ್. ಮೂರು ತಿಂಗಳಲ್ಲಿ ಮೊದಲೆರಡರಿಂದ ಓಡಾಟ ತುಸು ಸಲೀಸಾಯಿತು, ಆದರೆ ಅಳತೆಯದ್ದು ರೆಡಿಮೇಡ್‌ಗಿಂತ ಮೇಲೆನಿಸಲಿಲ್ಲ. ವರ್ಷದ ಕೊನೆಗೆ ಮೂರೂ ಹೆಚ್ಚುಕಡಿಮೆ ಒಂದೇ. ಸಾಲ ಮಾಡಿ ಮಾಡಿಸುವ ಮೊದಲು ರೆಡಿಮೇಡ್ ಹಾಕಿ ನೋಡಿ. ದಿನವಿಡೀ ಶೂವಿನಲ್ಲೇ ನಿಂತು ದುಡಿಯುವವರಿಗೆ, ಪಾದದ ಆಕಾರದಲ್ಲೇ ದೋಷ ಇರುವವರಿಗೆ ಅಳತೆಯದ್ದರ ಮಾತು ಬೇರೆ.

ಸಕ್ಕರೆ ಕಾಯಿಲೆಯವರು ಮಾತ್ರ ಅಂಗಡಿಯಿಂದ ಏನನ್ನೂ ತಂದು ತಾವಾಗಿ ಹಾಕಬಾರದು. ಜೋಮು ಹಿಡಿದ ಪಾದಕ್ಕೆ ಉಜ್ಜಿ ಗಾಯವಾದರೂ ಗೊತ್ತಾಗುವುದಿಲ್ಲ. ಡಾಕ್ಟರರಿಗೆ ತೋರಿಸಿ, ಅವರು ಹೇಳಿದರೆ ಎಂ.ಸಿ.ಆರ್. ಚಪ್ಪಲಿ ತನ್ನಿ.