ಲಿವರ್‌ಮೋರ್ ಬಿಸಿಲಲ್ಲಿ ಹಾಯಿದೋಣಿಯ ಮರ

ಹಾಯಿದೋಣಿಯ ಹೊರಮೈ ಮರಕ್ಕೆ ವಾರ್ನಿಶ್ ಹೊಡೆಯಬೇಕೋ ಬಣ್ಣ ಬಳಿಯಬೇಕೋ ಎಂದು ಯೋಚಿಸುವಾಗ ಎಲ್ಲರೂ ಹೆದರುವುದು ನೀರಿಗೆ. ಶಿವ-ವಿಷ್ಣು ದೇವಸ್ಥಾನದಿಂದಾಗಿ ಕನ್ನಡಿಗರಿಗೂ ಪರಿಚಿತವಾದ ಕ್ಯಾಲಿಫೋರ್ನಿಯಾದ ಲಿವರ್‌ಮೋರ್‌ನಲ್ಲಿ ಹೆದರಬೇಕಾದದ್ದು ಬಿಸಿಲಿಗೆ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಮೇಲೆ ಬೇಸಿಗೆಯ ಮಂಜು ಕವಿದಿರುವಾಗಲೇ ಬೆಟ್ಟದಾಚೆಯ ಈ ಕಣಿವೆ ಕಾದಿರುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಇಲ್ಲಿನ ತಾಪಮಾನ 116 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 47 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಊರಿನ ದಕ್ಷಿಣಕ್ಕಿರುವ ಡೆಲ್ ವ್ಯಾಲೆ ಜಲಾಶಯಕ್ಕೆ ಒಯ್ಯುವ ಸಣ್ಣ ದೋಣಿ ನೀರಿನಲ್ಲಿ ಕಳೆಯುವುದು ಕೆಲವೇ ಗಂಟೆ. ಮಿಕ್ಕ ಕಾಲವೆಲ್ಲ ಮನೆ ಮುಂದೆ ಟ್ರೇಲರ್ ಮೇಲೆ ಒಣಗುತ್ತದೆ. ಆದ್ದರಿಂದ ಆಕಾಶಕ್ಕೆ ಮುಖಮಾಡಿದ ಮರಕ್ಕೆಲ್ಲ ಇಲ್ಲಿ ಬಣ್ಣವೇ ಸರಿ.

ವಾರ್ನಿಶ್ ಎಂದರೆ ಎಣ್ಣೆ, ರಾಳಗಳು ಬೆರೆತು ಒಣಗಿದ ಪಾರದರ್ಶಕ ಪದರ. ಅದರ ಚೆಲುವೂ ಕುತ್ತೂ ಆ ಪಾರದರ್ಶಕತೆಯಲ್ಲೇ ಇವೆ. ತೇಗದ ಗೆರೆಗಳು ಕಾಣಲೆಂದು ಬೆಳಕನ್ನು ಒಳಬಿಡುವ ಪದರ ಅತಿನೇರಳೆ ಕಿರಣದ ಒಂದು ಪಾಲನ್ನೂ ಒಳಬಿಡುತ್ತದೆ. ಮರದ ನಾರುಗಳನ್ನು ಹಿಡಿದಿಟ್ಟ ಲಿಗ್ನಿನ್ ಆ ಕಿರಣಕ್ಕೆ ಒಡೆಯುತ್ತದೆ. ಮೇಲ್ಪದರ ಗಟ್ಟಿಯಾಗಿದ್ದರೂ ಅದು ಅಂಟಿಕೊಂಡಿದ್ದ ಮರದ ಮೈಯೇ ಸಡಿಲಾದರೆ ಹಿಡಿತವೆಲ್ಲಿ? ಮೊದಲು ಅಂಚುಗಳಲ್ಲಿ, ಸ್ಕ್ರೂಗಳ ಸುತ್ತ ಮಬ್ಬು ಮಚ್ಚೆ ಕಾಣುತ್ತದೆ. ಆಮೇಲೆ ಉಗುರಲ್ಲಿ ಕೆರೆದರೆ ಈರುಳ್ಳಿ ಸಿಪ್ಪೆಯಂತೆ ಎದ್ದುಬರುತ್ತದೆ. ದೋಣಿಗೆಂದೇ ತಯಾರಾದ ವಾರ್ನಿಶ್‌ನಲ್ಲಿ ಅತಿನೇರಳೆ ಕಿರಣ ಹೀರುವ ರಾಸಾಯನಿಕಗಳಿರುವುದು ನಿಜ, ಆದರೆ ಬಿಸಿಲುಂಡಷ್ಟೂ ಅವೂ ಸವೆಯುತ್ತವೆ. ಬಿಳಿ ಬಣ್ಣದಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ಆದರೋ ಬೆಳಕನ್ನು ಮರದವರೆಗೆ ಹೋಗಲು ಬಿಡುವುದೇ ಇಲ್ಲ. ಮರವೂ ಅಷ್ಟು ಕಾಯುವುದಿಲ್ಲ. ಒಣಗಿ ಕುಗ್ಗಿ ಬಿರುಕು ಬಿಡುವುದೂ ಕಡಿಮೆ.

ಬಣ್ಣದಡಿ ಮರ ಕೊಳೆತರೂ ಗೊತ್ತಾಗುವುದಿಲ್ಲ, ವಾರ್ನಿಶ್ ಆದರೆ ನೀರಿಳಿದ ಕಡೆ ಕಪ್ಪು ಕಲೆ ತೋರಿಸಿ ಎಚ್ಚರಿಸುತ್ತದೆ ಎನ್ನುವವರಿದ್ದಾರೆ. ಈ ಮಾತನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಬಣ್ಣ ಬಳಿದವರು ವರ್ಷಕ್ಕೊಮ್ಮೆಯಾದರೂ ಸ್ಕ್ರೂಡ್ರೈವರ್ ಹಿಡಿಯಿಂದ ಕೀಲುಗಳನ್ನು ತಟ್ಟಿ ನೋಡಲೇಬೇಕು. ಗಟ್ಟಿ ಮರ ಟಣ್ಣೆನ್ನುತ್ತದೆ, ಕೊಳೆತದ್ದು ಮಂಕಾಗಿ ಸದ್ದು ಮಾಡುತ್ತದೆ. ಆದರೆ ವಾರ್ನಿಶ್ ಎಚ್ಚರಿಸುವುದು ಅದನ್ನು ಬಿಡದೆ ನೋಡಿಕೊಳ್ಳುವವರನ್ನು ಮಾತ್ರ. ಮೊದಲಿಗೆ ಆರೇಳು ಕೋಟು, ಒಂದೊಂದರ ನಡುವೆ ಉಪ್ಪು ಕಾಗದದ ಉಜ್ಜಾಟ, ಬಳಿಕ ಪ್ರತಿ ವರ್ಷ ಮತ್ತೆರಡು ಕೋಟು ಬೇಕು. ಒಂದು ಬೇಸಿಗೆ ತಪ್ಪಿದರೆ ಎಲ್ಲವನ್ನೂ ಕೆರೆದು ಮೊದಲಿಂದ ಶುರುಮಾಡಬೇಕು. ವಾರಾಂತ್ಯದ ಬಿಡುವಷ್ಟೇ ಇರುವವರಿಗೆ ಇದು ದೋಣಿ ನಡೆಸುವ ಸಮಯವನ್ನೇ ಕಸಿಯುವ ಕೆಲಸ.

ತೇಗಕ್ಕೆ ಬಣ್ಣ ಬಳಿಯಲು ಮನಸ್ಸು ಬಾರದಿರುವುದು ಸಹಜ. ಆದರೆ ನಮ್ಮ ಕರಾವಳಿಯಲ್ಲಿ ಮರದ ದೋಣಿಗೆ ಕಡುಕಂದು ಗೇರೆಣ್ಣೆ ಬಳಿಯುತ್ತಿದ್ದವರು ಮರ ಬಾಳಿಕೆ ಬರಲೆಂದು ಅದರ ಅಂದವನ್ನು ಮುಚ್ಚಲು ಹಿಂಜರಿಯಲಿಲ್ಲ. ಒಮ್ಮೆ ಬಣ್ಣ ಬಳಿದರೆ ಮತ್ತೆ ಮರದ ಮೈ ಕಾಣದು ಎಂಬ ಅಳುಕಿಗೂ ದಾರಿಯಿದೆ: ಮೊದಲು ಎರಡು ಮೂರು ಕೋಟು ವಾರ್ನಿಶ್ ಹೊಡೆದು, ಅದು ಒಣಗಿದ ಮೇಲೆ ಉಜ್ಜಿ ಬಣ್ಣ ಬಳಿದರೆ ಬಣ್ಣ ಮರದ ರಂಧ್ರಗಳಿಗೆ ಇಳಿಯುವುದಿಲ್ಲ, ಮುಂದೆ ಬೇಕೆನಿಸಿದಾಗ ಕೆರೆದು ತೆಗೆಯಬಹುದು. ವಾರ್ನಿಶ್‌ನ ಹೊಳಪನ್ನು ಚುಕ್ಕಾಣಿಯ ಹಿಡಿಕೆಗೆ ಮೀಸಲಿಡಿ. ಅದನ್ನು ಬಿಚ್ಚಿ ಗ್ಯಾರೇಜಿನ ನೆರಳಿನಲ್ಲಿಡಬಹುದು, ಹೊಸ ಕೋಟನ್ನೂ ಅಲ್ಲೇ, ಧೂಳಿಲ್ಲದ ಕಡೆ, ಹೊಡೆಯಬಹುದು.