ಡಗ್ಲಸ್ ಗುರಾಣಿಗೆ ಹೃದಯ ಬಂದ ಬಗೆ

ಸ್ಕಾಟ್ಲೆಂಡಿನ ಡಗ್ಲಸ್ ಮನೆತನದ ಗುರಾಣಿಯಲ್ಲಿ ಮೊದಲಿಗೆ ಇದ್ದದ್ದು ಚುಕ್ಕಿಗಳು ಮಾತ್ರ. ಬಿಳಿಯ ಮೈ, ಮೇಲೊಂದು ನೀಲಿ ಪಟ್ಟಿ, ಅದರಲ್ಲಿ ಮೂರು ನಕ್ಷತ್ರ. ನಡುವೆ ಕೆಂಪು ಹೃದಯವೊಂದು ಬಂದು ಕೂತದ್ದು 14ನೇ ಶತಮಾನದಲ್ಲಿ, ಸರ್ ಜೇಮ್ಸ್ ಡಗ್ಲಸ್ ಯುದ್ಧದಲ್ಲಿ ಮಡಿದ ನಂತರ. ಅದು ಸ್ಕಾಟರ ದೊರೆ ರಾಬರ್ಟ್ ಬ್ರೂಸನ ಹೃದಯ.

ಜೇಮ್ಸ್ ಹುಟ್ಟಿದ್ದು 1286ರ ಸುಮಾರಿಗೆ. ತಂದೆ ವಿಲಿಯಂ ಬೆರಿಕ್ ಕೋಟೆಯನ್ನು ಕಾಯುತ್ತಿದ್ದವನು. 1296ರಲ್ಲಿ ಇಂಗ್ಲೆಂಡಿನ ಒಂದನೇ ಎಡ್ವರ್ಡ್ ಆ ಊರನ್ನು ಸೂರೆಗೈದ. ಮುಂದೆ ವಿಲಿಯಂ ಲಂಡನ್ ಗೋಪುರದ ಸೆರೆಯಲ್ಲೇ ತೀರಿಕೊಂಡ, ಅವನ ಜಮೀನು ರಾಬರ್ಟ್ ಕ್ಲಿಫರ್ಡ್ ಎಂಬ ಇಂಗ್ಲಿಷ್ ಸರದಾರನ ಪಾಲಾಯಿತು. ಪ್ಯಾರಿಸ್ಸಿನಲ್ಲಿ ಕೆಲಕಾಲ ಕಳೆದು ಮರಳಿದ ಹುಡುಗ ಬಿಷಪ್ ಲ್ಯಾಂಬರ್ಟನ್ನನ ಆಶ್ರಯ ಸೇರಿದ. ಪಿತ್ರಾರ್ಜಿತವನ್ನು ಬಿಟ್ಟುಕೊಡಿ ಎಂದು ಬಿಷಪ್ ಕೇಳಿದಾಗ ಎಡ್ವರ್ಡ್ ಒಪ್ಪಲಿಲ್ಲ. 1306ರಲ್ಲಿ ಬ್ರೂಸ್ ಪಟ್ಟಕ್ಕೇರುವ ಹೊತ್ತಿಗೆ ಜೇಮ್ಸ್ ಅವನ ಜೊತೆಗಿದ್ದ.

ಅವನ ಯುದ್ಧದಲ್ಲಿ ಕ್ರೌರ್ಯವಿತ್ತು, ಅದನ್ನು ಮರೆಮಾಚಬಾರದು. ಅವನ ಕಥೆಯನ್ನು 1370ರ ದಶಕದಲ್ಲಿ ಕಾವ್ಯವಾಗಿಸಿದ ಜಾನ್ ಬಾರ್ಬರ್ ಹೇಳುವಂತೆ, ಗರಿಗಳ ಭಾನುವಾರ ಇಂಗ್ಲಿಷ್ ಕಾವಲು ಪಡೆ ಚರ್ಚಿನಲ್ಲಿದ್ದಾಗ ಜೇಮ್ಸ್ ಮೇಲೆರಗಿದ. ಆಮೇಲೆ ತನ್ನದೇ ಮನೆತನದ ಕೋಟೆಯ ನೆಲಮಾಳಿಗೆಯಲ್ಲಿ ಧಾನ್ಯ ಸುರಿದು, ಮದ್ಯದ ಪೀಪಾಯಿ ಒಡೆದು, ಸೆರೆಸಿಕ್ಕವರ ತಲೆ ಕಡಿಸಿ ಅದರ ಮೇಲೆ ಹಾಕಿಸಿ, ಕೋಟೆಗೆ ಬೆಂಕಿಯಿಟ್ಟ. ಜನ ಅದನ್ನು 'ಡಗ್ಲಸ್ ಉಗ್ರಾಣ' ಎಂದರು. 1314ರ ಫೆಬ್ರವರಿಯಲ್ಲಿ ರಾಕ್ಸ್‌ಬರ್ಗ್ ಕೋಟೆಯನ್ನು ಹಿಡಿದದ್ದು ಬೇರೆಯೇ ಬಗೆ: ಕಪ್ಪು ನಿಲುವಂಗಿ ಹೊದ್ದು ಇರುಳಲ್ಲಿ ತೆವಳಿ ಬಂದವರನ್ನು ಕಾವಲುಗಾರರು ದನಗಳೆಂದೇ ನಂಬಿದರು. ಅದೇ ಜೂನ್‌ನಲ್ಲಿ ಬ್ಯಾನಕ್‌ಬರ್ನ್ ಗೆಲುವು. 1327ರಲ್ಲಿ ವಿಯರ್‌ಡೇಲ್‌ನಲ್ಲಿ ರಾತ್ರಿ ದಾಳಿ ನಡೆಸಿ, ಹದಿಹರೆಯದ ಮೂರನೇ ಎಡ್ವರ್ಡನ ಡೇರೆಯವರೆಗೂ ನುಗ್ಗಿದ.

ಬ್ರೂಸನ ಮನಸ್ಸಿನಲ್ಲೊಂದು ಹೊರೆಯಿತ್ತು. 1306ರಲ್ಲಿ ಡಂಫ್ರೀಸ್‌ನ ಚರ್ಚಿನಲ್ಲಿ ಎದುರಾಳಿ ಜಾನ್ ಕಾಮಿನ್‌ನನ್ನು ಇರಿದಿದ್ದ, ಅದಕ್ಕಾಗಿ ಧರ್ಮಬಹಿಷ್ಕಾರಕ್ಕೂ ಒಳಗಾಗಿದ್ದ. ಧರ್ಮಯುದ್ಧಕ್ಕೆ ಹೋಗಬೇಕೆಂಬ ಹರಕೆ ಕೈಗೂಡಲಿಲ್ಲ. ಕೊನೆಗಾಲದಲ್ಲಿ, ನನ್ನ ಹೃದಯವನ್ನಾದರೂ ಒಯ್ಯಿರಿ ಎಂದು ಕೇಳಿಕೊಂಡ. 1329ರ ಜೂನ್ 7ರಂದು ಕಾರ್ಡ್ರಾಸ್‌ನಲ್ಲಿ ತೀರಿಕೊಂಡ. ದೇಹ ಡನ್‌ಫರ್ಮ್‌ಲಿನ್ ಮಠಕ್ಕೆ ಹೋಯಿತು, ಹೃದಯ ಡಗ್ಲಸ್ಸನ ಕೊರಳಿನ ಬೆಳ್ಳಿಯ ಕರಡಿಗೆಗೆ. ಎರಡು ವರ್ಷದ ಹಿಂದೆ ಯಾರ ಡೇರೆಗೆ ನುಗ್ಗಿದ್ದನೋ ಅದೇ ಮೂರನೇ ಎಡ್ವರ್ಡ್ ಈ ಯಾತ್ರೆಗೆ ರಕ್ಷಾಪತ್ರ ಬರೆದುಕೊಟ್ಟ. ಆ ಕಾಲದ ವೈರದ ಸ್ವರೂಪವೇ ಹಾಗೆ: ಹಗೆಯ ನಡುವೆಯೂ ಹರಕೆಗೆ ದಾರಿ ಬಿಡುತ್ತಿದ್ದರು.

ಯಾತ್ರೆಯ ಗುರಿಯಾಗಿದ್ದ ಜೆರುಸಲೇಮನ್ನು ಡಗ್ಲಸ್ ಮುಟ್ಟಲಿಲ್ಲ. ಸ್ಪೇನಿನಲ್ಲಿ ಕ್ಯಾಸ್ಟೈಲ್ ದೊರೆ ಹನ್ನೊಂದನೇ ಅಲ್ಫಾನ್ಸೊ ಗ್ರನಾಡದ ಮುಸ್ಲಿಂ ರಾಜ್ಯದ ಮೇಲೆ ಯುದ್ಧ ಹೂಡಿದ್ದ. ಡಗ್ಲಸ್ ಅವನ ಪಡೆ ಸೇರಿ, 1330ರ ಆಗಸ್ಟ್ 25ರಂದು ತೇಬಾ ಕೋಟೆಯ ಬಳಿ ಬಿದ್ದ. ಸಾಯುವ ಮುನ್ನ ಹೃದಯವನ್ನು ಶತ್ರುಗಳ ನಡುವೆ ಎಸೆದು ಅದರ ಹಿಂದೆಯೇ ನುಗ್ಗಿದನೆಂಬ ಪ್ರಸಿದ್ಧ ಕಥೆ ಆಮೇಲೆ ಹುಟ್ಟಿಕೊಂಡದ್ದು. ಬಾರ್ಬರ್ ಹೇಳುವುದು ಸರಳ: ಶತ್ರುಗಳು ಸುತ್ತುವರಿದಿದ್ದ ಸಂಗಾತಿ ವಿಲಿಯಂ ಸಿಂಕ್ಲೇರ್‌ನನ್ನು ಬಿಡಿಸಲು ಹಿಂದಿರುಗಿ ಸತ್ತ. ನನಗಂತೂ ಇದೇ ದೊಡ್ಡದು.

ಬದುಕುಳಿದವರು ಅವನ ಎಲುಬುಗಳನ್ನೂ ದೊರೆಯ ಹೃದಯವನ್ನೂ ಊರಿಗೆ ತಂದರು. ಎಲುಬು ಡಗ್ಲಸ್ ಊರಿನ ಸೇಂಟ್ ಬ್ರೈಡ್ ಚರ್ಚಿಗೆ, ಹೃದಯ ಮೆಲ್ರೋಸ್ ಮಠಕ್ಕೆ. ಸತ್ತವರ ದೇಹವನ್ನು ಹೀಗೆ ಸೀಳುವುದನ್ನು ಪೋಪ್ ಎಂಟನೇ ಬೋನಿಫೇಸ್ 1299ರಲ್ಲೇ ನಿಷೇಧಿಸಿದ್ದರಿಂದ, ದೊರೆಯ ಎದೆ ಸೀಳಿದವರೆಲ್ಲ 1331ರಲ್ಲಿ ಪೋಪರಿಂದ ಕ್ಷಮೆ ಪಡೆಯಬೇಕಾಯಿತು. 1996ರಲ್ಲಿ ಮೆಲ್ರೋಸ್‌ನಲ್ಲಿ ಅಗೆದಾಗ ಸೀಸದ ಪಾತ್ರೆಯೊಂದು ಸಿಕ್ಕಿತು. ಅದನ್ನು 1998ರಲ್ಲಿ ಮತ್ತೆ ಅಲ್ಲೇ ಹೂಳಿದರು.

ಗುರಾಣಿಯ ಹೃದಯ ಜೇಮ್ಸನ ನಂತರದವರ ಗುರುತಾಯಿತು. 1358ರಲ್ಲಿ ಮೊದಲ ಡಗ್ಲಸ್ ಅರ್ಲ್ ಆದ ತಮ್ಮನ ಮಗ ವಿಲಿಯಂ ಅದನ್ನು ಧರಿಸಿದ, ಮದುವೆಯಾಚೆ ಹುಟ್ಟಿಯೂ ಮೂರನೇ ಅರ್ಲ್ ಆದ ಜೇಮ್ಸನ ಮಗ ಆರ್ಚಿಬಾಲ್ಡ್ ಕೂಡ. ಮುಂದಿನ ತಲೆಮಾರುಗಳು ಆ ಹೃದಯಕ್ಕೆ ಕಿರೀಟವನ್ನೂ ತೊಡಿಸಿದವು.