ತಪ್ಪು ಗುಮಾಸ್ತನದೋ, ನಿಯಮದ್ದೋ?

ಒಂದೇ ತಪ್ಪನ್ನು ಅನೇಕ ಜಾಣರು ವರ್ಷಗಟ್ಟಲೆ ಮಾಡುತ್ತಿದ್ದರೆ, ಮೊದಲು ಪರಿಶೀಲಿಸಬೇಕಾದುದು ನಿಯಮವನ್ನು. ಸುತ್ತೋಲೆಗಳ ನಡುವೆ ವೃತ್ತಿಜೀವನ ಕಳೆದ ನನಗೆ ಇದರ ಸ್ಪಷ್ಟ ನಿದರ್ಶನ ದೊರೆತದ್ದು ಕಂಪ್ಯೂಟರ್ ಲೋಕದಲ್ಲಿ.

ಪಟ್ಟಿಯಲ್ಲಿರುವ ಪ್ರತಿಯೊಂದಕ್ಕೂ ಒಂದೇ ಕೆಲಸ ಮಾಡು ಎಂದು ಯಂತ್ರಕ್ಕೆ ಹೇಳುವ ವಾಕ್ಯವೇ ‘ಲೂಪ್’. ಗೂಗಲ್ 2009ರಲ್ಲಿ ಪ್ರಕಟಿಸಿದ ‘ಗೋ’ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಈ ವಾಕ್ಯದ ವಿನ್ಯಾಸದಲ್ಲೇ ಒಂದು ತೊಡಕಿತ್ತು. ಪಟ್ಟಿಯ ಅಂಶವನ್ನು ಹಿಡಿದಿಡುವ ‘ವೇರಿಯಬಲ್’ ಪ್ರತಿ ಸುತ್ತಿಗೂ ಹೊಸದಾಗಿರದೆ, ಎಲ್ಲ ಸುತ್ತುಗಳಿಗೂ ಒಂದೇ ಆಗಿತ್ತು. ಗುಮಾಸ್ತನೊಬ್ಬ ಹತ್ತು ಅರ್ಜಿಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟು, ಪ್ರತಿ ಬಾರಿಯೂ ‘ಮೇಜಿನ ಮೇಲಿರುವ ಅರ್ಜಿಯನ್ನು ಪರಿಶೀಲಿಸಿ’ ಎಂದು ಚೀಟಿ ಬರೆದಂತೆ. ಅಧಿಕಾರಿ ಚೀಟಿಗಳನ್ನು ಓದುವ ಹೊತ್ತಿಗೆ ಅಲ್ಲಿರುವುದು ಹತ್ತನೆಯ ಅರ್ಜಿ. ಅದೊಂದೇ ಹತ್ತು ಬಾರಿ ಪರಿಶೀಲನೆಗೊಳ್ಳುತ್ತದೆ. ಉಳಿದ ಒಂಬತ್ತು ಹಾಗೆಯೇ ದಾಟಿಹೋಗುತ್ತವೆ.

ಇದು ಬರಿಯ ಊಹೆಯಲ್ಲ. ಜಾಲತಾಣಗಳಿಗೆ ಉಚಿತ ಸುರಕ್ಷತಾ ಪ್ರಮಾಣಪತ್ರ ನೀಡುವ ‘ಲೆಟ್ಸ್ ಎನ್‌ಕ್ರಿಪ್ಟ್’ ಸಂಸ್ಥೆಯಲ್ಲಿ 2020ರ ಫೆಬ್ರುವರಿ 29ರಂದು ಪತ್ತೆಯಾದ ದೋಷ ಇದೇ ಬಗೆಯದು. ಒಂದು ಕೋರಿಕೆಯಲ್ಲಿ ಹಲವು ತಾಣಗಳ ಹೆಸರುಗಳ ಮರುಪರಿಶೀಲನೆ ಅಗತ್ಯವಾದಾಗ, ತಂತ್ರಾಂಶವು ಒಂದೇ ಹೆಸರನ್ನು ಅಷ್ಟೂ ಬಾರಿ ಪರಿಶೀಲಿಸುತ್ತಿತ್ತು. ಬಾಧಿತವಾದ ಪ್ರಮಾಣಪತ್ರಗಳು 30 ಲಕ್ಷಕ್ಕೂ ಹೆಚ್ಚು. ಎಲ್ಲವನ್ನೂ ಗಡುವಿನೊಳಗೆ ರದ್ದುಪಡಿಸಿದರೆ ಅಸಂಖ್ಯ ತಾಣಗಳಿಗೆ ಅಡಚಣೆಯಾಗುವುದೆಂದು, 10 ಲಕ್ಷಕ್ಕೂ ಹೆಚ್ಚು ಪತ್ರಗಳನ್ನು ಆಗ ರದ್ದುಮಾಡದೆ ಬಿಡಲಾಯಿತು.

ಅರ್ಥಶಾಸ್ತ್ರ ಓದಿದವರಿಗೆ ಇಲ್ಲಿನ ಲೆಕ್ಕ ಪರಿಚಿತ. ನಿಯಮ ರೂಪಿಸುವವರ ಒಂದು ಆಯ್ಕೆಯ ವೆಚ್ಚವನ್ನು ಅದನ್ನು ಬಳಸುವವರು ನಿತ್ಯವೂ ಭರಿಸುತ್ತಾರೆ. ಅದು ರೂಪಿಸಿದವರ ಖಾತೆಯಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಹಾಗಾಗಿ ದೂಷಣೆಯೆಲ್ಲ ಬಳಸುವವರ ಅಜಾಗರೂಕತೆಯ ಮೇಲೆ ಬೀಳುತ್ತದೆ.

‘ಗೋ’ ವಿನ್ಯಾಸಕಾರರು ಕೊನೆಗೆ ನಿಯಮವನ್ನೇ ತಿದ್ದಿದರು. 2024ರ ಫೆಬ್ರುವರಿಯಲ್ಲಿ ಬಂದ 1.22ನೆಯ ಆವೃತ್ತಿಯಿಂದ ಪ್ರತಿ ಸುತ್ತಿಗೂ ಹೊಸ ವೇರಿಯಬಲ್ ದೊರೆಯುತ್ತದೆ. ತಿದ್ದಿದ ರೀತಿಯೂ ಗಮನಾರ್ಹ. ಹಳೆಯ ಆವೃತ್ತಿಯನ್ನು ನಮೂದಿಸಿಕೊಂಡ ಪ್ರೋಗ್ರಾಮ್‌ಗಳಿಗೆ ಹಳೆಯ ಅರ್ಥವೇ ಮುಂದುವರಿಯಿತು. ಪೂರ್ವಾನ್ವಯಗೊಳಿಸಿ ಜನರನ್ನು ಕಂಗೆಡಿಸುವ ನಮ್ಮ ಕೆಲವು ತಿದ್ದುಪಡಿಗಳಿಗಿಂತ ಇದು ಎಷ್ಟೋ ವಿವೇಕಯುತ. ಮೈಕ್ರೋಸಾಫ್ಟ್‌ನ ‘ಸಿ ಶಾರ್ಪ್’ ಭಾಷೆ 2012ರಲ್ಲಿಯೇ ತನ್ನ ‘ಫಾರ್‌ಈಚ್’ ಲೂಪಿಗೆ ಇಂಥ ತಿದ್ದುಪಡಿ ತಂದಿತ್ತು.

ಸರ್ಕಾರಿ ನಮೂನೆಯ ಒಂದೇ ಅಂಕಣವನ್ನು ಸಾವಿರಾರು ಜನ ತಪ್ಪಾಗಿ ತುಂಬಿದರೆ ನಾವು ಅರ್ಜಿಗಳನ್ನು ತಿರಸ್ಕರಿಸುತ್ತೇವೆ. ಪಿಂಚಣಿಗಾಗಿ ಕಾಯುವ ವೃದ್ಧೆ ಮತ್ತೊಮ್ಮೆ ಸರದಿಯಲ್ಲಿ ನಿಲ್ಲುತ್ತಾಳೆ. ತಿರಸ್ಕೃತ ಅರ್ಜಿಗಳನ್ನು ಕಾರಣವಾರು ವಿಂಗಡಿಸಿ, ಯಾವ ಅಂಕಣ ಜನರನ್ನು ಎಡವಿಸುತ್ತಿದೆ ಎಂದು ವರ್ಷಕ್ಕೊಮ್ಮೆಯಾದರೂ ನೋಡುವುದು ಪ್ರತಿ ಇಲಾಖೆಯ ಕರ್ತವ್ಯವಾಗಬೇಕು.